ಪಹಣಿ ನಿಮ್ಮ ಹೆಸರಿನಲ್ಲಿರಲಿ: ಸ್ವಂತ ವೆಬ್ ವಿಳಾಸ ಪಡೆಯುವುದು, ಉಳಿಸಿಕೊಳ್ಳುವುದು ಹೇಗೆ?

"ಇನ್‌ಸ್ಟಾಗ್ರಾಂ ಪುಟ ಇದೆ, ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಹೆಸರು ಬರುತ್ತದೆ, ಗಿರಾಕಿಗಳು ವಾಟ್ಸ್‌ಆ್ಯಪ್‌ನಲ್ಲೇ ಆರ್ಡರ್ ಕೊಡುತ್ತಾರೆ. ಇನ್ನು ಡೊಮೇನ್ ಏಕೆ?" ಹಪ್ಪಳ, ಉಪ್ಪಿನಕಾಯಿ ಮಾಡಿ ಮಾರುವ ಗೃಹೋದ್ಯಮದವರು, ಸಣ್ಣ ಪ್ರಕಾಶಕರು, ಹೊರನಾಡಿನ ಕನ್ನಡ ಸಂಘಗಳ ಕಾರ್ಯದರ್ಶಿಗಳು, ಎಲ್ಲರೂ ನನ್ನನ್ನು ಕೇಳುವ ಪ್ರಶ್ನೆ ಇದು. ಡೊಮೇನ್ ಎಂದರೆ ಅಂತರಜಾಲದಲ್ಲಿ ನಿಮ್ಮ ಹೆಸರಿಗೆ ನೋಂದಣಿಯಾದ ವಿಳಾಸ. ಅದನ್ನು ನೆನಪಿಟ್ಟುಕೊಂಡು ಟೈಪ್ ಮಾಡಿ ಬರುವವರು ಈಗ ಕಡಿಮೆ ಎಂಬುದು ನಿಜ. ಆದರೂ ನನ್ನ ಉತ್ತರ "ಬೇಕು" ಎಂದೇ. ಏಕೆ ಬೇಕು ಎಂಬ ಕಾರಣ ಮಾತ್ರ ಇಪ್ಪತ್ತು ವರ್ಷಗಳ ಹಿಂದಿನದಲ್ಲ. ಅದನ್ನು ತಿಳಿದುಕೊಂಡರೆ ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದೂ ತಿಳಿಯುತ್ತದೆ.

ಬದಲಾದದ್ದೇನು?

ಮೊದಲ ಡಾಟ್ ಕಾಮ್ ಹೆಸರು ನೋಂದಣಿಯಾದದ್ದು 1985ರ ಮಾರ್ಚ್ 15ರಂದು, ಅಮೆರಿಕದ ಸಿಂಬಾಲಿಕ್ಸ್ ಎಂಬ ಕಂಪ್ಯೂಟರ್ ಕಂಪನಿಗೆ. 1995ರವರೆಗೆ ನೋಂದಣಿಗೆ ಶುಲ್ಕವೇ ಇರಲಿಲ್ಲ. ಆಮೇಲೆ ಎರಡು ವರ್ಷಕ್ಕೆ ನೂರು ಡಾಲರ್ ಎಂದಾಯಿತು. ಆಗೆಲ್ಲ ವಿಳಾಸ ಗೊತ್ತಿದ್ದವರಿಗೆ ಮಾತ್ರ ಬಾಗಿಲು ಸಿಗುತ್ತಿತ್ತು. ಹೀಗಾಗಿ ಚಿಕ್ಕ ಹೆಸರಿಗೆ ಚಿನ್ನದ ಬೆಲೆ ಬಂತು, ಮುಂಚೆಯೇ ಹಿಡಿದಿಟ್ಟು ಮಾರುವವರೂ ಹುಟ್ಟಿಕೊಂಡರು. 2008ರಲ್ಲಿ ಬಂದ ಕ್ರೋಮ್ ಬ್ರೌಸರ್ ವಿಳಾಸದ ಪಟ್ಟಿಯನ್ನೂ ಹುಡುಕಾಟದ ಪಟ್ಟಿಯನ್ನೂ ಒಂದೇ ಮಾಡಿತು. ಜನ ವಿಳಾಸ ಬಿಟ್ಟು ಹೆಸರನ್ನಷ್ಟೇ ಬರೆಯತೊಡಗಿದರು. ಆಮೇಲೆ ಆ್ಯಪ್‌ಗಳು ಬಂದವು, ಕ್ಯೂಆರ್ ಕೋಡ್ ಬಂತು. ಈಗ ಎಐ ಸಹಾಯಕರನ್ನು ಕೇಳಿ, ಉತ್ತರ ಓದಿ, ಯಾವ ತಾಣಕ್ಕೂ ಹೋಗದೆ ಎದ್ದುಬಿಡುವವರಿದ್ದಾರೆ. ಎಂದರೆ, ಬೋರ್ಡಿನಂತೆ ಕಣ್ಣಿಗೆ ಹೊಡೆಯುವ ವಿಳಾಸಕ್ಕೆ ಹಿಂದೆ ಇದ್ದ ಬೆಲೆ ಇಳಿದಿದೆ.

ಅದೇ ಹೊತ್ತಿನಲ್ಲಿ ಇನ್ನೆರಡು ಬೆಲೆಗಳು ಏರಿವೆ. ಮೊದಲನೆಯದು ಒಡೆತನ. ಆರ್ಕುಟ್ ಎಂಬ ಸಾಮಾಜಿಕ ಜಾಲತಾಣ 2014ರಲ್ಲಿ ಮುಚ್ಚಿತು. 2020ರ ಜೂನ್‌ನಲ್ಲಿ ಟಿಕ್‌ಟಾಕ್ ನಿಷೇಧವಾದಾಗ ಅಲ್ಲಿ ಅಭಿಮಾನಿಗಳನ್ನು ಕಟ್ಟಿಕೊಂಡಿದ್ದವರೆಲ್ಲ ರಾತ್ರಿ ಬೆಳಗಾಗುವುದರೊಳಗೆ ಬರಿಗೈಯಾದರು. ಬೆಂಗಳೂರಿನಲ್ಲೇ ಹುಟ್ಟಿ, ಕನ್ನಡಿಗರು ಪ್ರೀತಿಯಿಂದ ಸೇರಿದ್ದ 'ಕೂ' ಜಾಲತಾಣ 2024ರಲ್ಲಿ ನಿಂತಿತು. ಅದೇ ವರ್ಷದ ಮಾರ್ಚ್‌ನಲ್ಲಿ, ಗೂಗಲ್ ತನ್ನ ವ್ಯಾಪಾರ ಪ್ರೊಫೈಲಿನ ಜೊತೆ ಸಣ್ಣ ಅಂಗಡಿಗಳಿಗೆ ಉಚಿತವಾಗಿ ಮಾಡಿಕೊಟ್ಟಿದ್ದ ವೆಬ್‌ಸೈಟ್‌ಗಳನ್ನು ಮುಚ್ಚಿತು. 'ಬಿಸಿನೆಸ್ ಡಾಟ್ ಸೈಟ್' ಎಂದು ಕೊನೆಯಾಗುವ ಆ ವಿಳಾಸವನ್ನು ಕೈಚೀಲದ ಮೇಲೆ, ಬಿಲ್ ಪುಸ್ತಕದ ಮೇಲೆ ಅಚ್ಚು ಹಾಕಿಸಿದವರು ಏನು ಮಾಡಬೇಕು? ಇವೆಲ್ಲ ಬೇರೆಯವರ ಜಮೀನಿನಲ್ಲಿ ಕಟ್ಟಿದ ಮನೆಗಳು.

ಎರಡನೆಯದು ನಂಬಿಕೆ. ಮೋಸದ ಕೊಂಡಿಗಳು ಹೆಚ್ಚಿದಾಗ ಭಾರತೀಯ ರಿಸರ್ವ್ ಬ್ಯಾಂಕ್ ಮೊರೆಹೋದದ್ದು ಡೊಮೇನಿಗೇ. ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ 31ರೊಳಗೆ 'ಬ್ಯಾಂಕ್ ಡಾಟ್ ಇನ್' ಎಂದು ಕೊನೆಯಾಗುವ ವಿಳಾಸಕ್ಕೆ ಹೋಗಬೇಕೆಂದು ಅದು ಗಡುವು ಕೊಟ್ಟಿತು. ವಿಳಾಸದ ಆ ಕೊನೆಯ ಭಾಗ, ಎಂದರೆ ಬಾಲ, ಬ್ಯಾಂಕುಗಳಿಗೆ ಬಿಟ್ಟು ಇನ್ನಾರಿಗೂ ಸಿಗುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಡೊಮೇನನ್ನು ಯಾರೂ ಶಾಶ್ವತವಾಗಿ ಕೊಳ್ಳುವುದಿಲ್ಲ. ಅದು ಗುತ್ತಿಗೆ, ಒಂದು ವರ್ಷದಿಂದ ಗರಿಷ್ಠ 10 ವರ್ಷಕ್ಕೆ. ಹೊತ್ತಿಗೆ ಸರಿಯಾಗಿ ನವೀಕರಿಸುತ್ತ, ನಿಯಮ ಪಾಲಿಸುತ್ತ ಹೋದರೆ ಅದು ನಿಮ್ಮಲ್ಲೇ ಉಳಿಯುತ್ತದೆ.

ಕೈಯಲ್ಲಿ ಏನಿರಬೇಕು?

ಹಣ, ಸಾಮಾನ್ಯ ಡೊಮೇನಿಗೆ ವರ್ಷಕ್ಕೆ ಸಾವಿರ ರೂಪಾಯಿಯ ಹಿಂದುಮುಂದು. ನೀವೇ ತೆರೆದು ನೋಡುವ ಒಂದು ಇಮೇಲ್. ಸದಾ ಬಳಕೆಯಲ್ಲಿರುವ ಮೊಬೈಲ್ ನಂಬರ್. ಡಾಟ್ ಇನ್ ಹೆಸರಿಗೆ ಗುರುತಿನ ದಾಖಲೆ ಕೇಳಬಹುದು, ಅದೂ ಹತ್ತಿರವಿರಲಿ. ಇನ್ನು ಈ ಪದಗಳ ಅರ್ಥ ತಿಳಿದಿರಲಿ. ರಿಜಿಸ್ಟ್ರಿ ಎಂದರೆ ಒಂದು ಬಾಲದ ಎಲ್ಲ ಹೆಸರುಗಳ ಮೂಲ ದಫ್ತರ ಇಟ್ಟುಕೊಂಡ ಸಂಸ್ಥೆ. ಡಾಟ್ ಇನ್‌ಗೆ ಅದು ನಿಕ್ಸಿ, ಅಂದರೆ ಭಾರತದ ರಾಷ್ಟ್ರೀಯ ಇಂಟರ್‌ನೆಟ್ ವಿನಿಮಯ ಕೇಂದ್ರ. ರಿಜಿಸ್ಟ್ರಾರ್ ಎಂದರೆ ನಮಗೆ ಹೆಸರು ಮಾರುವ ಅಧಿಕೃತ ಕಂಪನಿ. ರಿಜಿಸ್ಟ್ರಂಟ್ ಎಂದರೆ ಹೆಸರು ಯಾರ ಖಾತೆಯಲ್ಲಿದೆಯೋ ಅವರು. ಹೋಸ್ಟಿಂಗ್ ಎಂದರೆ ತಾಣದ ಪುಟಗಳನ್ನು ಇಡುವ ಜಾಗ. ಡೊಮೇನೂ ಹೋಸ್ಟಿಂಗೂ ಒಂದೇ ಎಂದು ತಿಳಿದು ಕೆಟ್ಟವರು ಬಹಳ. ಡೊಮೇನ್ ಮನೆಯ ವಿಳಾಸ, ಹೋಸ್ಟಿಂಗ್ ಮನೆ. ಮನೆ ಬದಲಿಸಿದರೂ ಇಲ್ಲಿ ವಿಳಾಸ ಬದಲಾಗಬೇಕಿಲ್ಲ.

ಹಂತ 1: ಹೆಸರು ಆರಿಸಿ

ಕನ್ನಡದ ಹೆಸರನ್ನು ರೋಮನ್ ಅಕ್ಷರದಲ್ಲಿ ಬರೆಯುವಾಗಲೇ ತೊಂದರೆ ಶುರು. 'ಶ್ರೀ' ಎಂಬುದನ್ನು ಎಸ್-ಆರ್-ಐ ಎಂದು ಬರೆಯುವವರುಂಟು, ನಡುವೆ ಎಚ್ ಸೇರಿಸುವವರುಂಟು, ಕೊನೆಗೆ ಎರಡು ಇ ಹಾಕುವವರುಂಟು. 'ಲಕ್ಷ್ಮಿ'ಯ ನಡುವೆ ಕೆಲವರು ಕೆ-ಎಸ್-ಎಚ್ ಬರೆದರೆ ಕೆಲವರು ಎಕ್ಸ್ ಬರೆಯುತ್ತಾರೆ. ಕೊನೆಯಲ್ಲಿ ಐ ಬದಲು ವೈ ಹಾಕುವವರೂ ಇದ್ದಾರೆ. ನಿಮ್ಮ ಅಂಗಡಿಯ ಹೆಸರು 'ಶ್ರೀಲಕ್ಷ್ಮಿ' ಎಂದಿದ್ದರೆ ಒಂದೇ ಹೆಸರಿಗೆ ಹತ್ತಾರು ಕಾಗುಣಿತ. ನೀವು ಕೊಂಡದ್ದು ಒಂದು, ಗಿರಾಕಿ ಬರೆದದ್ದು ಇನ್ನೊಂದು, ತೆರೆದುಕೊಳ್ಳುವುದು ಯಾರದೋ ತಾಣ.

ಅದಕ್ಕೊಂದು ಪರೀಕ್ಷೆ ಇದೆ. ಪರಿಚಯದ ಐದು ಜನರಿಗೆ ಫೋನ್ ಮಾಡಿ ಹೆಸರು ಹೇಳಿ, ಕಾಗುಣಿತ ಹೇಳಬೇಡಿ. ಕೇಳಿದ್ದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಕಳುಹಿಸಲು ಹೇಳಿ. ನಾಲ್ವರು ಒಂದೇ ಬಗೆಯಲ್ಲಿ ಬರೆದರೆ ಆ ಹೆಸರು ಗಟ್ಟಿ. ಐವರೂ ಐದು ಬಗೆಯಲ್ಲಿ ಬರೆದರೆ ಬೇರೆ ಹೆಸರು ಹುಡುಕಿ, ಇಲ್ಲವೇ ಹೆಚ್ಚು ಬಳಕೆಯ ಎರಡು ಕಾಗುಣಿತಗಳನ್ನೂ ಕೊಂಡು ಎರಡನೆಯದು ಮೊದಲನೆಯದಕ್ಕೆ ಹೋಗುವಂತೆ ಮಾಡಿ. ಊರಿನ ಹೆಸರು ಸೇರಿಸುವವರು ಇನ್ನಷ್ಟು ಯೋಚಿಸಿ. 2014ರ ನವೆಂಬರ್ 1ರಿಂದ ರಾಜ್ಯದ ಹನ್ನೆರಡು ಊರುಗಳ ಇಂಗ್ಲಿಷ್ ಕಾಗುಣಿತ ಬದಲಾಗಿದೆ. ಮೈಸೂರು, ಮಂಗಳೂರು, ಬೆಳಗಾವಿಗಳನ್ನು ಜನ ಇಂದಿಗೂ ಎರಡೂ ರೀತಿಯಲ್ಲಿ ಬರೆಯುತ್ತಾರೆ.

ಅಂಕೆ, ಅಡ್ಡಗೆರೆ ಬೇಡ. ಬಾಯಲ್ಲಿ ಹೇಳುವಾಗ "ನಡುವೆ ಒಂದು ಗೆರೆ ಇದೆ" ಎಂದು ವಿವರಿಸಬೇಕಾದ ಹೆಸರು ನಿಲ್ಲುವುದಿಲ್ಲ.

ಎಚ್ಚರಿಕೆ: ಪ್ರಸಿದ್ಧ ಬ್ರ್ಯಾಂಡಿನ ಹೆಸರನ್ನು ಸ್ವಲ್ಪ ತಿರುಚಿ ಕೊಳ್ಳಬೇಡಿ. ಡೊಮೇನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಇದೆ ಎಂದು ಸುಪ್ರೀಂ ಕೋರ್ಟ್ 2004ರಲ್ಲೇ, ಸತ್ಯಂ ಇನ್ಫೋವೇ ಮತ್ತು ಸಿಫಿನೆಟ್ ನಡುವಿನ ಮೊಕದ್ದಮೆಯಲ್ಲಿ ಹೇಳಿದೆ. ಇದು ನಿಮ್ಮ ಪರವಾಗಿಯೂ ಕೆಲಸ ಮಾಡುತ್ತದೆ. ನಿಮ್ಮ ಹೆಸರನ್ನು ಯಾರೋ ದುರುದ್ದೇಶದಿಂದ ಡಾಟ್ ಇನ್‌ನಲ್ಲಿ ಹಿಡಿದಿಟ್ಟಿದ್ದರೆ ನಿಕ್ಸಿಯ ವ್ಯಾಜ್ಯ ಪರಿಹಾರ ವ್ಯವಸ್ಥೆಗೆ ದೂರು ಕೊಡಬಹುದು, ಮಧ್ಯಸ್ಥಗಾರರು ತೀರ್ಮಾನಿಸುತ್ತಾರೆ. ಅದಕ್ಕೂ ಖರ್ಚಿದೆ, ಆದ್ದರಿಂದ ಬೇರೆಯವರ ಕಣ್ಣು ಬೀಳುವ ಮೊದಲೇ ನೋಂದಾಯಿಸಿಕೊಳ್ಳುವುದು ಅಗ್ಗ.

ಹಂತ 2: ಬಾಲ ಆರಿಸಿ

ಚುಕ್ಕೆಯ ನಂತರ ಬರುವ ಭಾಗವನ್ನು ಇಲ್ಲಿ ಬಾಲ ಎನ್ನುತ್ತಿದ್ದೇನೆ. ನಿಮ್ಮ ವ್ಯವಹಾರ ಮುಖ್ಯವಾಗಿ ಭಾರತದಲ್ಲಿದ್ದರೆ ಡಾಟ್ ಇನ್ ಸಾಕು. 2005ರಿಂದ ಅದು ಎಲ್ಲರಿಗೂ ಮುಕ್ತ. ಹೊರದೇಶದ ಗಿರಾಕಿಗಳಿದ್ದರೆ ಡಾಟ್ ಕಾಮ್. ಸಂಘ, ಪ್ರತಿಷ್ಠಾನಗಳಿಗೆ ಡಾಟ್ ಆರ್ಗ್. ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಕೆಡಿಸಿಕೊಳ್ಳಬೇಕಾದದ್ದು ಬೇರೆ ಕಡೆ. ಎರಡಕ್ಷರದ ಬಾಲಗಳೆಲ್ಲ ಒಂದೊಂದು ದೇಶದ ಅಥವಾ ಪ್ರದೇಶದವು. ಡಾಟ್ ಟಿವಿ ಟುವಾಲು ದೇಶದ್ದು, ಡಾಟ್ ಎಐ ಆಂಗ್ವಿಲಾ ದ್ವೀಪದ್ದು. ಅಲ್ಲಿನ ನಿಯಮ ಬದಲಾದರೆ ನೀವೂ ಬದಲಾಗಬೇಕು. ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದ ಮೇಲೆ ಅಲ್ಲಿನ ಸಾವಿರಾರು ಜನ 2021ರಲ್ಲಿ ತಮ್ಮ ಡಾಟ್ ಇಯು ವಿಳಾಸಗಳನ್ನು ಕಳೆದುಕೊಂಡರು. ಡಾಟ್ ಟಿಕೆಯಂಥ ಬಾಲಗಳನ್ನು ಬಿಟ್ಟಿಯಾಗಿ ಹಂಚುತ್ತಿದ್ದ ಫ್ರೀನಾಮ್ ಸಂಸ್ಥೆ 2023ರಲ್ಲಿ ಹೊಸ ನೋಂದಣಿ ನಿಲ್ಲಿಸಿತು, ಮರುವರ್ಷ ಆ ವ್ಯವಹಾರವನ್ನೇ ಬಿಟ್ಟಿತು. ಬಿಟ್ಟಿ ಹೆಸರನ್ನು ನಂಬಿ ಹತ್ತು ವರ್ಷದ ಕೆಲಸ ಕಟ್ಟಬೇಡಿ.

ಕನ್ನಡ ಲಿಪಿಯಲ್ಲೇ ವಿಳಾಸ ಪಡೆಯಬಹುದೇ ಎಂದು ಕೇಳುವವರಿಗೆ ಸಂತೋಷದಿಂದ ಹೇಳುತ್ತೇನೆ: ಪಡೆಯಬಹುದು. ಕನ್ನಡದಲ್ಲೇ ಬರೆದ 'ಡಾಟ್ ಭಾರತ' ಇದೆ, ಅದೂ ನಿಕ್ಸಿಯ ಅಧೀನದ್ದೇ. ಚುಕ್ಕೆಯ ಈಚೆಗೂ ಆಚೆಗೂ ನಮ್ಮ ಅಕ್ಷರವನ್ನು ನೋಡುವ ಸುಖವೇ ಬೇರೆ. ಶ್ರೀ, ಲಕ್ಷ್ಮಿಗಳ ಕಾಗುಣಿತದ ಗೋಳೂ ಇಲ್ಲಿಲ್ಲ. ಆದರೆ ಮೂರು ವಿಷಯ ತಿಳಿದಿರಲಿ. ಯಂತ್ರಗಳು ಆ ಹೆಸರನ್ನು ಒಳಗೊಳಗೇ ಎಕ್ಸ್, ಎನ್ ಮತ್ತು ಎರಡು ಅಡ್ಡಗೆರೆಗಳಿಂದ ಶುರುವಾಗುವ ರೋಮನ್ ಅಕ್ಷರಗಳ ಸರಮಾಲೆಯಾಗಿ ಬದಲಿಸಿಕೊಳ್ಳುತ್ತವೆ. ಕೆಲವು ಆ್ಯಪ್‌ಗಳಲ್ಲಿ ಆ ಸರಮಾಲೆಯೇ ಕಂಡರೆ ಗಾಬರಿಯಾಗಬೇಡಿ. 'ರಾಜ್‌ಕುಮಾರ್' ಎಂಬಂತೆ ಅರ್ಧಾಕ್ಷರವನ್ನು ಬಿಡಿಸಿ ತೋರಿಸಲು ಕಣ್ಣಿಗೆ ಕಾಣದ ಒಂದು ಚಿಹ್ನೆ ಬೇಕು. ಅದು ಬೇಕಾಗುವ ಹೆಸರನ್ನು ಆರಿಸಬೇಡಿ. ಮೂರನೆಯದಾಗಿ, ಕನ್ನಡ ಲಿಪಿಯ ಇಮೇಲ್ ವಿಳಾಸವನ್ನು ಜಿಮೇಲ್ ಒಪ್ಪುತ್ತದೆ, ಆದರೆ ಎಷ್ಟೋ ಅರ್ಜಿ ನಮೂನೆಗಳು ಒಪ್ಪುವುದಿಲ್ಲ. ಈ ಕಾರಣಕ್ಕೆ ನನ್ನ ಸಲಹೆ: ಡಾಟ್ ಇನ್ ಅಥವಾ ಡಾಟ್ ಕಾಮ್ ಹೆಸರಿನ ಜೊತೆಗೆ ಕನ್ನಡದ್ದನ್ನೂ ಕೊಳ್ಳಿ, ಎರಡನ್ನೂ ಒಂದೇ ತಾಣಕ್ಕೆ ಜೋಡಿಸಿ, ಬೋರ್ಡಿನ ಮೇಲೆ ಕನ್ನಡದ ವಿಳಾಸವನ್ನೇ ದೊಡ್ಡದಾಗಿ ಬರೆಸಿ.

ಹಂತ 3: ನಿಮ್ಮ ಹೆಸರಿನಲ್ಲೇ ನೋಂದಾಯಿಸಿ

ಇಡೀ ಲೇಖನದಲ್ಲಿ ಒಂದೇ ಹಂತ ಓದುವುದಾದರೆ ಇದನ್ನು ಓದಿ. ತಾಣ ಮಾಡಿಕೊಡುವ ಹುಡುಗನಿಗೋ ಏಜೆನ್ಸಿಗೋ "ಡೊಮೇನೂ ನೀವೇ ತೆಗೆದುಕೊಂಡುಬಿಡಿ" ಎಂದು ಬಿಡುವುದು ನಮ್ಮಲ್ಲಿ ರೂಢಿ. ಅವರು ತಮ್ಮ ಖಾತೆಯಲ್ಲಿ, ತಮ್ಮ ಇಮೇಲಿನಲ್ಲಿ ಕೊಳ್ಳುತ್ತಾರೆ. ದುಡ್ಡು ನಿಮ್ಮದು, ಪಹಣಿ ಅವರದು. ಅವರು ಕೆಲಸ ಬಿಟ್ಟರೆ, ನಂಬರ್ ಬದಲಿಸಿದರೆ, ಮನಸ್ತಾಪವಾದರೆ ನಿಮ್ಮ ಹೆಸರು ನಿಮ್ಮ ಕೈಗೆ ಸಿಗುವುದಿಲ್ಲ.

ಆದ್ದರಿಂದ ನೀವೇ ಕುಳಿತು ಮಾಡಿ. ಅರ್ಧ ಗಂಟೆಯ ಕೆಲಸ. ಮಾನ್ಯತೆ ಪಡೆದ ರಿಜಿಸ್ಟ್ರಾರ್‌ಗಳ ಪಟ್ಟಿ ಡಾಟ್ ಇನ್‌ಗೆ ನಿಕ್ಸಿಯ ತಾಣದಲ್ಲಿದೆ, ಡಾಟ್ ಕಾಮ್‌ನಂಥವಕ್ಕೆ ಐಕ್ಯಾನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ತಾಣದಲ್ಲಿದೆ. ಅವರಲ್ಲಿ ಒಬ್ಬರನ್ನು ಆರಿಸುವಾಗ ಮೊದಲ ವರ್ಷದ ರಿಯಾಯಿತಿ ನೋಡಬೇಡಿ, ಎರಡನೆಯ ವರ್ಷದ ನವೀಕರಣ ದರ ನೋಡಿ. 99 ರೂಪಾಯಿಗೆ ಸಿಕ್ಕ ಹೆಸರು ಮರುವರ್ಷ ಹತ್ತುಪಟ್ಟು ಕೇಳುವುದುಂಟು.

ಅರ್ಜಿಯಲ್ಲಿ 'ಸಂಸ್ಥೆ' ಎಂಬ ಅಂಕಣವಿರುತ್ತದೆ. ಸಂಘವಾದರೆ ಅಲ್ಲಿ ಸಂಘದ ನೋಂದಾಯಿತ ಹೆಸರನ್ನೇ ಬರೆಯಿರಿ, ಕಾರ್ಯದರ್ಶಿಯ ಹೆಸರನ್ನಲ್ಲ. ವಿಳಾಸ, ಫೋನ್ ಎಲ್ಲ ನಿಜವಾದದ್ದಿರಲಿ. ಸುಳ್ಳು ವಿವರ ಕೊಟ್ಟ ಹೆಸರನ್ನು ರದ್ದು ಮಾಡಬಹುದು.

ಇಮೇಲ್ ಕೊಡುವಾಗ ಒಂದು ಹಳ್ಳ ಇದೆ. ಈಗ ಕೊಳ್ಳುತ್ತಿರುವ ಡೊಮೇನಿನ ಇಮೇಲನ್ನೇ ಮುಂದೆ ರಿಜಿಸ್ಟ್ರಾರ್ ಖಾತೆಗೂ ಕೊಡಬೇಡಿ. ಡೊಮೇನ್ ನಿಂತ ದಿನ ಆ ಇಮೇಲೂ ನಿಲ್ಲುತ್ತದೆ. ಖಾತೆಯನ್ನು ಮರಳಿ ಪಡೆಯುವ ಸಂದೇಶ ಅದೇ ನಿಂತ ಪೆಟ್ಟಿಗೆಗೆ ಹೋಗುತ್ತದೆ. ಬೀಗದ ಕೈಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಹಾಕಿದ ಹಾಗೆ.

ಹಣ ಕಟ್ಟುವ ಪುಟದಲ್ಲಿ ಕೇಳದೆಯೇ ಟಿಕ್ ಆಗಿರುವ ಹೆಚ್ಚುವರಿ ಸೇವೆಗಳನ್ನು ತೆಗೆಯಿರಿ. ಅದರಲ್ಲೂ ಎಸ್‌ಎಸ್‌ಎಲ್ ಪ್ರಮಾಣಪತ್ರ, ಎಂದರೆ ತಾಣ ಸುರಕ್ಷಿತ ಎಂದು ಬ್ರೌಸರಿಗೆ ತಿಳಿಸುವ ಪತ್ರ, ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆಯಿಂದ ಉಚಿತವಾಗಿ ಸಿಗುತ್ತದೆ. ಬಹುತೇಕ ಹೋಸ್ಟಿಂಗ್ ಕಂಪನಿಗಳು ಅದನ್ನು ತಾವೇ ಹಾಕಿಕೊಡುತ್ತವೆ.

ಕೊಂಡ ಮೇಲೆ ಬರುವ ದೃಢೀಕರಣದ ಇಮೇಲನ್ನು ಅಂದೇ ತೆರೆದು ಒಪ್ಪಿಗೆ ಒತ್ತಿ. ಡಾಟ್ ಕಾಮ್‌ನಂಥ ಹೆಸರುಗಳಲ್ಲಿ 15 ದಿನದೊಳಗೆ ದೃಢೀಕರಿಸದಿದ್ದರೆ ವಿಳಾಸ ಸ್ಥಗಿತವಾಗುತ್ತದೆ. ಆಮೇಲೆ ಖಾತೆಗೆ ಎರಡು ಹಂತದ ಪರಿಶೀಲನೆ ಹಾಕಿ. 'ಟ್ರಾನ್ಸ್‌ಫರ್ ಲಾಕ್' ಆನ್ ಆಗಿದೆಯೇ ನೋಡಿ. ನಿಮ್ಮ ಅರಿವಿಲ್ಲದೆ ಹೆಸರನ್ನು ಬೇರೆ ರಿಜಿಸ್ಟ್ರಾರ್‌ಗೆ ಸಾಗಿಸದಂತೆ ತಡೆಯುವ ಬೀಗ ಅದು.

ಈಗಾಗಲೇ ಬೇರೆಯವರ ಖಾತೆಯಲ್ಲಿ ಸಿಕ್ಕಿಕೊಂಡಿದ್ದೀರಾ? ಸಂಬಂಧ ಚೆನ್ನಾಗಿರುವಾಗಲೇ ಕೇಳಿ. ಅವರು ಲಾಕ್ ತೆಗೆದು 'ಆತ್ ಕೋಡ್' ಎಂಬ ಗುಪ್ತಸಂಖ್ಯೆ ಕೊಟ್ಟರೆ ನೀವು ನಿಮ್ಮ ಖಾತೆಗೆ ತಂದುಕೊಳ್ಳಬಹುದು. ಹೊಸದಾಗಿ ಕೊಂಡ ಹೆಸರಾದರೆ ಸಾಮಾನ್ಯವಾಗಿ 60 ದಿನ ಕಾಯಬೇಕು.

ಹಂತ 4: ವಿಳಾಸವನ್ನು ಎಲ್ಲಿಗಾದರೂ ಜೋಡಿಸಿ

ತಾಣ ಇನ್ನೂ ಸಿದ್ಧವಿಲ್ಲದಿದ್ದರೂ ಹೆಸರನ್ನು ಸುಮ್ಮನೆ ಇಡಬೇಡಿ. ರಿಜಿಸ್ಟ್ರಾರ್ ಖಾತೆಯಲ್ಲಿ 'ಫಾರ್ವರ್ಡಿಂಗ್' ಎಂಬ ಸೌಲಭ್ಯವಿದ್ದರೆ ನಿಮ್ಮ ವಿಳಾಸ ಒತ್ತಿದವರು ನೇರವಾಗಿ ನಿಮ್ಮ ಇನ್‌ಸ್ಟಾಗ್ರಾಂ ಪುಟಕ್ಕೋ ಮ್ಯಾಪಿಗೋ ಹೋಗುವಂತೆ ಮಾಡಬಹುದು.

ಇದರ ಲಾಭ ಎಲ್ಲಿದೆ ಎಂದರೆ ಹಪ್ಪಳದ ಪೊಟ್ಟಣದ ಮೇಲೆ. ಐದು ಸಾವಿರ ಪೊಟ್ಟಣಗಳಿಗೆ ಕ್ಯೂಆರ್ ಕೋಡ್ ಅಚ್ಚು ಹಾಕಿಸುತ್ತೀರಿ ಎಂದುಕೊಳ್ಳಿ. ಆ ಕೋಡಿನೊಳಗೆ ಇನ್‌ಸ್ಟಾಗ್ರಾಂ ಕೊಂಡಿ ಇದ್ದು, ನಾಳೆ ಆ ಖಾತೆ ಹ್ಯಾಕ್ ಆದರೆ ಉಳಿದ ಪೊಟ್ಟಣಗಳೆಲ್ಲ ದಾರಿ ತಪ್ಪಿದವೇ. ಕೋಡಿನೊಳಗೆ ನಿಮ್ಮ ಡೊಮೇನ್ ಇದ್ದರೆ, ಖಾತೆಗೆ ಹೋಗಿ ಫಾರ್ವರ್ಡಿಂಗ್ ಸಾಲೊಂದನ್ನು ಬದಲಿಸಿದರೆ ಮುಗಿಯಿತು. ಗೋದಾಮಿನಲ್ಲಿರುವ ಪೊಟ್ಟಣ, ಗಿರಾಕಿಯ ಅಡುಗೆಮನೆಯಲ್ಲಿರುವ ಪೊಟ್ಟಣ, ಎಲ್ಲವೂ ಹೊಸ ಜಾಗಕ್ಕೆ ದಾರಿ ತೋರಿಸುತ್ತವೆ. ಆಹ್ವಾನ ಪತ್ರಿಕೆ, ಪುಸ್ತಕದ ಬೆನ್ನುಪುಟ, ಅಂಗಡಿಯ ಬೋರ್ಡಿಗೂ ಇದೇ ಲೆಕ್ಕ. ಯಾರೂ ಟೈಪ್ ಮಾಡದಿದ್ದರೂ ವಿಳಾಸ ಬೇಕು ಎಂದು ನಾನು ಹೇಳುವುದು ಈ ಕಾರಣಕ್ಕೇ.

ಬರಹಗಾರರಿಗೆ ಇನ್ನೊಂದು ದಾರಿ: ಬ್ಲಾಗರ್‌ನಲ್ಲಿ ಬರೆಯುವವರು ಹೋಸ್ಟಿಂಗ್ ಖರ್ಚಿಲ್ಲದೆ ಸ್ವಂತ ಡೊಮೇನನ್ನು ಅದಕ್ಕೆ ಜೋಡಿಸಿಕೊಳ್ಳಬಹುದು.

ಜೋಡಿಸುವಾಗ ಡಿಎನ್‌ಎಸ್ ಎಂಬ ಪದ ಎದುರಾಗುತ್ತದೆ. ಹೆಸರನ್ನು ಯಂತ್ರಗಳ ಸಂಖ್ಯೆಗೆ ಹೊಂದಿಸಿಕೊಡುವ ಜಾಗತಿಕ ದೂರವಾಣಿ ಡೈರೆಕ್ಟರಿ ಅದು. ಅದರಲ್ಲಿ 'ಎ' ದಾಖಲೆ ತಾಣ ಇರುವ ಯಂತ್ರವನ್ನು ತೋರಿಸುತ್ತದೆ, 'ಎಂಎಕ್ಸ್' ದಾಖಲೆ ಇಮೇಲ್ ಎಲ್ಲಿಗೆ ಹೋಗಬೇಕೆಂದು ಹೇಳುತ್ತದೆ. ಏನನ್ನಾದರೂ ಬದಲಿಸುವ ಮೊದಲು ಇಡೀ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಹೊಸ ತಾಣದ ಉತ್ಸಾಹದಲ್ಲಿ 'ನೇಮ್‌ಸರ್ವರ್' (ಈ ಪಟ್ಟಿಯನ್ನು ಇಟ್ಟುಕೊಂಡಿರುವ ಯಂತ್ರ) ಬದಲಿಸಿ, ಎಂಎಕ್ಸ್ ಸಾಲುಗಳನ್ನು ಅಲ್ಲಿಗೆ ಒಯ್ಯಲು ಮರೆತು, ಇಮೇಲ್ ನಿಂತದ್ದು ಎಷ್ಟೋ ದಿನದ ಮೇಲೆ ತಿಳಿಯುವುದು ಸಾಮಾನ್ಯ ಅನಾಹುತ. ಬದಲಾವಣೆ ಎಲ್ಲೆಡೆ ಹರಡಲು 48 ಗಂಟೆಯವರೆಗೂ ಬೇಕಾಗಬಹುದು; ನಡುವೆ ಮತ್ತೆ ಮತ್ತೆ ಕೆದಕಬೇಡಿ.

ಹಂತ 5: ಸ್ವಂತ ಹೆಸರಿನ ಇಮೇಲ್

ಸ್ವಂತ ಡೊಮೇನಿನ ಇಮೇಲಿನಿಂದ ಬಂದ ದರಪಟ್ಟಿಗೆ ಇರುವ ಗೌರವ ಉಚಿತ ಇಮೇಲಿನಿಂದ ಬಂದದ್ದಕ್ಕೆ ಇರುವುದಿಲ್ಲ. ಇಮೇಲ್ ಸೇವೆ ಕೊಡುವವರು ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಸಾಲುಗಳನ್ನು ಡಿಎನ್‌ಎಸ್‌ಗೆ ಸೇರಿಸಲು ಹೇಳುತ್ತಾರೆ. ಈ ಪತ್ರ ನಿಜಕ್ಕೂ ನಿಮ್ಮಿಂದಲೇ ಬಂದದ್ದು ಎಂಬುದಕ್ಕೆ ಅವು ಮೊಹರುಗಳಿದ್ದಂತೆ. ಬಿಡಬೇಡಿ. 2024ರ ಫೆಬ್ರುವರಿಯಿಂದ ಜಿಮೇಲ್, ಯಾಹೂ ಸಂಸ್ಥೆಗಳು ದೊಡ್ಡ ಸಂಖ್ಯೆಯಲ್ಲಿ ಪತ್ರ ಕಳುಹಿಸುವವರಿಗೆ ಇವನ್ನು ಕಡ್ಡಾಯ ಮಾಡಿವೆ. ಸಣ್ಣವರ ಪತ್ರವೂ ಮೊಹರಿಲ್ಲದಿದ್ದರೆ ಸ್ಪ್ಯಾಮ್ ಪೆಟ್ಟಿಗೆ ಸೇರುವ ಸಂಭವ ಹೆಚ್ಚು.

ಹಂತ 6: ವಿಳಾಸ ಓದುವುದನ್ನು ಗಿರಾಕಿಗಳಿಗೂ ಕಲಿಸಿ

ನಿಮ್ಮ ಹೆಸರಿನಲ್ಲಿ ಯಾರೋ ಮೋಸ ಮಾಡಿದರೆ ಪೆಟ್ಟು ಬೀಳುವುದು ನಿಮಗೆ. ಆದ್ದರಿಂದ ಇದನ್ನು ನಿಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲೂ ಹಂಚಿ. ನಾವು ಕಾಗದದ ಮೇಲೆ ವಿಳಾಸ ಬರೆಯುವಾಗ ಮನೆ, ಬೀದಿ, ಊರು, ಜಿಲ್ಲೆ ಎಂದು ಸಣ್ಣದರಿಂದ ದೊಡ್ಡದಕ್ಕೆ ಹೋಗುತ್ತೇವೆ. ವೆಬ್ ವಿಳಾಸವೂ ಹಾಗೆಯೇ. ಶುರುವಿನ 'ಎಚ್‌ಟಿಟಿಪಿಎಸ್' ಮತ್ತು ಅದರ ಜೊತೆಗಿನ ಎರಡು ಓರೆಗೆರೆಗಳನ್ನು ಬಿಟ್ಟು, ಆಮೇಲೆ ಮೊದಲ ಓರೆಗೆರೆ ಬರುವವರೆಗಿನ ಭಾಗವನ್ನಷ್ಟೇ ತೆಗೆದುಕೊಂಡು ಬಲದಿಂದ ಎಡಕ್ಕೆ ಓದಬೇಕು. 'ನಿಮ್ಮಬ್ಯಾಂಕ್ ಡಾಟ್ ಕೆವೈಸಿಅಪ್‌ಡೇಟ್ ಡಾಟ್ ಕಾಮ್' ಎಂದಿದ್ದರೆ ಅದರ ಒಡೆಯ ನಿಮ್ಮ ಬ್ಯಾಂಕ್ ಅಲ್ಲ, 'ಕೆವೈಸಿಅಪ್‌ಡೇಟ್ ಡಾಟ್ ಕಾಮ್' ಎಂಬ ಹೆಸರನ್ನು ಯಾರು ಕೊಂಡಿದ್ದಾರೋ ಅವರು. ಎಡಗಡೆ ಯಾರ ಹೆಸರನ್ನು ಬೇಕಾದರೂ ಅಂಟಿಸಬಹುದು. ಬೀಗದ ಚಿತ್ರ ಕಂಡರೆ ಸಾಕು ಎಂಬ ಹಳೆಯ ಪಾಠವನ್ನೂ ಮರೆಯಿರಿ. ಉಚಿತ ಪ್ರಮಾಣಪತ್ರ ಕಳ್ಳರಿಗೂ ಸಿಗುತ್ತದೆ.

ಹಂತ 7: ನವೀಕರಣದ ದಿನ ತಪ್ಪಿಸಬೇಡಿ

ನಾನು ಕಂಡ ಒಂದು ಕನ್ನಡ ಸಂಘದ ಡೊಮೇನ್ ಹಳೆಯ ಕಾರ್ಯದರ್ಶಿಯ ಇಮೇಲಿಗೆ ಕಟ್ಟಿಕೊಂಡಿತ್ತು. ಎಚ್ಚರಿಕೆಯ ಪತ್ರಗಳು ಅವರಿಗೆ ಹೋದವು, ಅವರು ಊರು ಬಿಟ್ಟಿದ್ದರು, ಕಾರ್ಡಿನ ಅವಧಿ ಮುಗಿದಿತ್ತು. ಹೊಸ ಸಮಿತಿಗೆ ತಿಳಿಯುವ ಹೊತ್ತಿಗೆ ಆ ವಿಳಾಸದಲ್ಲಿ ಜೂಜಿನ ಜಾಹೀರಾತು ಓಡುತ್ತಿತ್ತು. ಹದಿನಾಲ್ಕು ವರ್ಷದ ರಾಜ್ಯೋತ್ಸವದ ಫೋಟೊಗಳಿಗೆ ದಾರಿಯಾಗಿದ್ದ ವಿಳಾಸ ಅದು. ಆ ದಿನ ಆದ ಸಂಕಟ ಇನ್ನೂ ಹೋಗಿಲ್ಲ.

ಡಾಟ್ ಕಾಮ್ ಅವಧಿ ಮುಗಿದ ಮೇಲೂ ಹೆಸರು ಕೂಡಲೇ ಹೋಗುವುದಿಲ್ಲ. 45 ದಿನದವರೆಗೆ ಮಾಮೂಲಿ ದರದಲ್ಲಿ ನವೀಕರಿಸಲು ಅವಕಾಶವಿರಬಹುದು, ಆದರೆ ಎಷ್ಟು ದಿನ ಎಂಬುದನ್ನು ರಿಜಿಸ್ಟ್ರಾರ್ ತೀರ್ಮಾನಿಸುತ್ತಾರೆ. ಅಷ್ಟರಲ್ಲೇ ಹರಾಜಿಗೆ ಇಡುವವರೂ ಇದ್ದಾರೆ. ಅಳಿಸುವ ಪಟ್ಟಿಗೆ ಸೇರಿದ ಮೇಲೆ 30 ದಿನ ಭಾರಿ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು. ಕೊನೆಗೆ 5 ದಿನ ಏನೂ ಮಾಡುವಂತಿಲ್ಲ, ಆಮೇಲೆ ಯಾರು ಬೇಕಾದರೂ ಕೊಳ್ಳಬಹುದು. ಈ ಲೆಕ್ಕ ನೆಚ್ಚಿಕೊಂಡು ಕೂರಬೇಡಿ. ಮುಖ್ಯ ಹೆಸರನ್ನು ಒಂದೇ ಬಾರಿಗೆ ಐದು ವರ್ಷಕ್ಕೆ ನೋಂದಾಯಿಸಿ, ಆಟೊ ರಿನ್ಯೂವಲ್ ಆನ್ ಮಾಡಿ, ಅದನ್ನೂ ನಂಬದೆ ಮೊಬೈಲಿನ ಕ್ಯಾಲೆಂಡರಿನಲ್ಲಿ ಎರಡು ತಿಂಗಳ ಮುಂಚಿನ ದಿನಕ್ಕೆ ನೆನಪೋಲೆ ಹಾಕಿ. "ನಿಮ್ಮ ಡೊಮೇನ್ ಮುಗಿಯುತ್ತಿದೆ, ಇಲ್ಲಿ ಹಣ ಕಟ್ಟಿ" ಎಂದು ಬರುವ ಇಮೇಲಿನ ಕೊಂಡಿ ಒತ್ತಬೇಡಿ. ನೇರವಾಗಿ ನಿಮ್ಮ ರಿಜಿಸ್ಟ್ರಾರ್ ತಾಣಕ್ಕೆ ಹೋಗಿಯೇ ಕಟ್ಟಿ.

ಹಂತ 8: ಕೈಬದಲಾವಣೆಗೆ ಒಂದು ಲಕೋಟೆ

ಒಂದು ಹಾಳೆಯಲ್ಲಿ ಇಷ್ಟನ್ನು ಬರೆಯಿರಿ: ಡೊಮೇನ್ ಹೆಸರು, ರಿಜಿಸ್ಟ್ರಾರ್ ಯಾರು, ಖಾತೆಯ ಇಮೇಲ್ ಮತ್ತು ಮೊಬೈಲ್ ಯಾವುದು, ಹೋಸ್ಟಿಂಗ್ ಎಲ್ಲಿ, ಎರಡು ಹಂತದ ಪರಿಶೀಲನೆಯ ಬ್ಯಾಕಪ್ ಕೋಡ್‌ಗಳು, ನವೀಕರಣದ ದಿನಾಂಕ. ಪಾಸ್‌ವರ್ಡನ್ನು ಇದೇ ಹಾಳೆಯಲ್ಲಿ ಬರೆಯಬೇಡಿ, ಅದನ್ನು ಬೇರೆ ಇಡಿ. ಅಂಗಡಿಯಾದರೆ ಲಕೋಟೆ ಮನೆಯ ಪತ್ರಗಳ ಜೊತೆಗಿರಲಿ, ಮನೆಯಲ್ಲಿ ಇನ್ನೊಬ್ಬರಿಗೆ ಅದು ಎಲ್ಲಿದೆ ಎಂದು ಗೊತ್ತಿರಲಿ. ಸಂಘವಾದರೆ ಹೊಸ ಸಮಿತಿ ಅಧಿಕಾರ ವಹಿಸಿಕೊಳ್ಳುವ ವಾರ್ಷಿಕ ಮಹಾಸಭೆಯಲ್ಲೇ ಇಮೇಲ್, ಮೊಬೈಲ್ ನಂಬರ್, ಪಾಸ್‌ವರ್ಡ್ ಮೂರನ್ನೂ ಬದಲಿಸಿ, ಬ್ಯಾಂಕ್ ಸಹಿ ಬದಲಾವಣೆಯ ಠರಾವಿನ ಕೆಳಗೆ ನಡಾವಳಿ ಪುಸ್ತಕದಲ್ಲಿ ಇನ್ನೊಂದು ಸಾಲು ಬರೆಸಿ: ಡೊಮೇನ್ ಖಾತೆ ಇಂಥವರಿಂದ ಇಂಥವರಿಗೆ ಹಸ್ತಾಂತರವಾಯಿತು, ಮುಂದಿನ ನವೀಕರಣ ಇಂಥ ದಿನ.